ಲಂಡನ್ನಿನ ಗಡಿಯಾರದಲ್ಲಿ ಎಂಟು ಗಂಟೆ

ನಾನು ಹದಿನೈದು ವರ್ಷ ಲಂಡನ್ನಿನ ಫೋಟೋ ತೆಗೆದವನು. ಅಲ್ಲಿಯ ಗಡಿಯಾರದ ಗೋಪುರ, ಸೇತುವೆ, ಗುಮ್ಮಟದ ಚರ್ಚು, ಉದ್ಯಾನ, ಉದ್ಯಾನದೊಳಗಿನ ಬೆಂಚು ಎಲ್ಲವೂ ನನ್ನ ಕ್ಯಾಮೆರಾದಲ್ಲಿ ಲೆಕ್ಕವಿಲ್ಲದಷ್ಟು ಸಲ ಬಂದಿವೆ. ಅದಕ್ಕಾಗಿ ನಾನು ನಿಪ್ಪಾಣಿ ಬಿಟ್ಟು ಹೋಗಬೇಕಾಗಲಿಲ್ಲ. ಸ್ಟುಡಿಯೋದ ಹಿಂಬದಿ ಪರದೆ ಇಳಿಬಿಟ್ಟರೆ ಲಂಡನ್, ಸುತ್ತಿಟ್ಟರೆ ಸುಣ್ಣ ಉದುರಿದ ಗೋಡೆ.

ಪರದೆ ಬರೆದವನು ಕೊಲ್ಹಾಪುರದಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಪೇಂಟರ್. ಆಗಷ್ಟೇ ಎಂಬತ್ತರ ದಶಕ ಶುರುವಾಗಿತ್ತು. ನೋಡಿ ಬರೆಯಲು ನಾನು ಕೊಟ್ಟದ್ದು ಒಂದು ಬಿಸ್ಕೀಟಿನ ಡಬ್ಬಿಯ ಮುಚ್ಚಳ. ಅದರ ಮೇಲಿದ್ದ ಕಟ್ಟಡಗಳನ್ನೆಲ್ಲ ಅವನು ಹತ್ತಿರ ಹತ್ತಿರ ಸರಿಸಿ, ಮುಂದೆ ಒಂದು ಉದ್ಯಾನ ಹರಡಿದ. ಎಷ್ಟೋ ವರ್ಷದ ಮೇಲೆ ನಿಜವಾದ ಲಂಡನ್ ನೋಡಿ ಬಂದ ತಂಬಾಕು ವ್ಯಾಪಾರಿಯೊಬ್ಬರು, ಇವೆಲ್ಲ ಅಲ್ಲಿ ಒಂದೇ ಕಡೆ ಇಲ್ಲ, ಒಂದರಿಂದ ಇನ್ನೊಂದಕ್ಕೆ ಬಸ್ಸು ಹಿಡಿಯಬೇಕು ಎಂದು ತಿಳಿಸಿದರು. ನಮ್ಮಲ್ಲಿ ಆ ತ್ರಾಸಿಲ್ಲ ಎಂದೆ.

ಮುಚ್ಚಳದ ಮೇಲಿನ ಗಡಿಯಾರದ ಮುಳ್ಳುಗಳು ತಿಕ್ಕಿ ಅಳಿಸಿಹೋಗಿದ್ದವು. ಎಷ್ಟು ಗಂಟೆ ತೋರಿಸಲಿ ಎಂದು ಪೇಂಟರ್ ಮರಾಠಿಯಲ್ಲಿ ಕೇಳಿದ. ನಾನು ಗಿರಾಕಿಯೊಬ್ಬರ ಕಾಲರ್ ಸರಿಮಾಡುತ್ತಿದ್ದೆ. ನಿನಗೆ ತಿಳಿದಷ್ಟು ಹಾಕು ಎಂದೆ. ಅವನಿಗೆ ತಿಳಿದದ್ದು ಎಂಟು. ಎಂಟಾದ ಮೇಲೆ ದೀಪ ಬೇಡವೇ ಎಂದು ತಾನೇ ಯೋಚಿಸಿ, ಉದ್ಯಾನದ ಕಂಬಕಂಬಕ್ಕೂ ಒಂದೊಂದು ದೀಪ ಹಚ್ಚಿ, ಆಕಾಶಕ್ಕೆ ಬದನೆಕಾಯಿ ಬಣ್ಣ ಬಳಿದು ಹೋದ. ಮುಂದೆ ನಾಲ್ಕೈದು ವರ್ಷ ಆ ಗಡಿಯಾರವನ್ನು ಯಾರೂ ನೋಡಲಿಲ್ಲ. ಫೋಟೋ ಕೈಗೆ ಬಂದರೆ ಜನ ತಮ್ಮ ಕ್ರಾಪು ನೋಡಿಕೊಳ್ಳುತ್ತಾರೆ, ಲಂಡನ್ನಿನ ಟೈಮು ಯಾರಿಗೆ ಬೇಕು.

ಹೀಗಿರುವಾಗ ಸದಲಗಾ ಕಡೆಯ ಜೈನ ಒಕ್ಕಲಿನ ಮನೆಯವರೊಬ್ಬರು ಮಗಳನ್ನು ಕರೆತಂದರು. ಬೇಡಕಿಹಾಳದ ಒಂದು ಮನೆಗೆ ಫೋಟೋ ಕಳಿಸುವುದಿತ್ತು. ಅದು ಒಪ್ಪಿಗೆಯಾದರೆ ಹುಡುಗಿ ನೋಡಲು ಬರುತ್ತಾರೆ, ಇಲ್ಲದಿದ್ದರೆ ಫೋಟೋ ವಾಪಸ್ಸು ಬರುತ್ತದೆ. ಹುಡುಗಿ ಪರದೆಯ ಮುಂದಿಟ್ಟ ಬೆಂಚಿನ ಮೇಲೆ ಕುಳಿತಳು. ದೊಡ್ಡ ದೀಪ ಹಾಕಿದ ಕೂಡಲೇ ಕೈ ಎಲ್ಲಿಡಬೇಕೋ ತಿಳಿಯದೆ ಸೆರಗಿನ ತುದಿ ಸುತ್ತತೊಡಗಿದಳು. ಇಂಥವರಿಗೆಂದು ನನ್ನ ಬಳಿ ಪ್ಲಾಸ್ಟಿಕ್ ಹೂವು, ವೈರಿಲ್ಲದ ಟೆಲಿಫೋನು, ಚಹಾದ ಎರಡು ಕಪ್ಪು-ಬಸಿ ಇರುತ್ತಿದ್ದವು. ಕಪ್ಪು-ಬಸಿ ಕೊಟ್ಟೆ. ಅವಳು ಬಗ್ಗಿ ಕಪ್ಪಿನೊಳಗೆ ನೋಡಿದಳು.

"ಇದರಾಗ ಏನೂ ಇಲ್ಲರೀ."

"ಇರೂದು ಬ್ಯಾಡವ್ವಾ. ಐತಿ ಅನ್ನೂ ಹಂಗ ಹಿಡಿ."

ಹಿಡಿದಳು. ಫೋಟೋ ಚೆನ್ನಾಗಿ ಬಂತು. ನನ್ನ ಕೈಗುಣಕ್ಕೆ ನಾನೇ ಮೆಚ್ಚಿಕೊಂಡೆ.

ಎಂಟು ದಿನಕ್ಕೆ ತಂದೆ ಮತ್ತೆ ಬಂದು ಫೋಟೋವನ್ನು ಮೇಜಿನ ಮೇಲಿಟ್ಟರು. ಬೇಡಕಿಹಾಳದಲ್ಲಿ ಎಲ್ಲರಿಗೂ ಹುಡುಗಿ ಹಿಡಿಸಿದ್ದಳಂತೆ. ಕೊನೆಗೆ ಹುಡುಗನ ಅಜ್ಜಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನ ಗಡಿಯಾರದಲ್ಲಿ ಎಷ್ಟಾಗಿದೆ ಎಂದು ಮೊಮ್ಮಗನನ್ನು ಕೇಳಿದರಂತೆ. ಎಂಟು. ದೀಪ ಹತ್ತಿವೆ. ಕೈಯಲ್ಲಿ ಚಹಾ. ಹೊತ್ತು ಮುಳುಗಿದ ಮೇಲೆ ನೀರು ಸಹ ಮುಟ್ಟದ ಮನೆ ಅದು. ರಾತ್ರಿ ಎಂಟಕ್ಕೆ ಚಹಾ ಕುಡಿಯುವ ಹುಡುಗಿ, ಅದೂ ತೋಟದಲ್ಲಿ ಕೂತು, ತಮಗೆ ಬೇಡವೆಂದು ಅಜ್ಜಿ ಹೇಳಿದ್ದರು.

ತಂದೆ ನನ್ನನ್ನು ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವರು ಬೈಯಲಿಲ್ಲ.

"ಫೋಟೋ ಹೊಳ್ಳಿ ಬಂದದ್ದು ಇದು ಮೂರನೇ ಸಲರೀ," ಎಂದರು. "ಹಿಂದಿನ ಎರಡಕ್ಕ ಅಕಿ ಏನೂ ಅಂದಿದ್ದಿಲ್ಲ. ಈ ಸಲ ಎರಡ ದಿನಾ ಆತು, ಮಾತ ಆಡವಲ್ಲಳು."

ನನಗೆ ನಾಚಿಕೆಯಾಯಿತು. ಒಂದು ಖಾಲಿ ಕಪ್ಪಿನಿಂದ ಅವಳ ಸಂಸಾರ ಶುರುವಾಗುವ ಮೊದಲೇ ಕೆಡಿಸಿದ್ದೆ. ಹೇಗಾದರೂ ಮಾಡಿ ಅಜ್ಜಿಯನ್ನು ಒಮ್ಮೆ ಸ್ಟುಡಿಯೋಕ್ಕೆ ಕರೆಸಿರಿ, ಪರದೆ ತೋರಿಸುತ್ತೇನೆ ಎಂದೆ. ಮುಂದಿನ ಸಂತೆಯ ದಿನ ಅಜ್ಜಿ ಬರುವುದೆಂದು ನಿಶ್ಚಯವಾಯಿತು. ಕಪ್ಪಿಲ್ಲದ ಹೊಸ ಫೋಟೋ ತೆಗೆಯಬಹುದೆಂದು ಮಗಳನ್ನೂ ಕರೆತರಲು ಹೇಳಿದೆ.

ನಡುವೆ ನಾನು ಸುಮ್ಮನಿರಲಿಲ್ಲ. ಓಣಿಯಲ್ಲಿದ್ದ ಹೈಸ್ಕೂಲಿನ ಭೂಗೋಳದ ಮಾಸ್ತರರನ್ನು ಕೇಳಿದೆ. ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ರಾತ್ರಿ ಒಂಬತ್ತರವರೆಗೂ ಸೂರ್ಯ ಇರುತ್ತಾನೆ ಎಂದರು. ಹಾಗಾದರೆ ಅಲ್ಲಿ ಎಂಟಕ್ಕೆ ಚಹಾ ಕುಡಿದರೆ ಧರ್ಮಕ್ಕೇನೂ ಬಾಧೆಯಿಲ್ಲ. ಆ ಸಂತೋಷಕ್ಕೆ ಮಾಸ್ತರರದೊಂದು ಫೋಟೋ ಪುಕ್ಕಟೆ ತೆಗೆದೆ. ದೀಪಗಳು ಯಾಕೆ ಹತ್ತಿವೆ ಎಂದು ಕೇಳಿದರೆ, ನಮ್ಮೂರಿನಲ್ಲೂ ಬೀದಿದೀಪ ಹಾಡಹಗಲೇ ಉರಿಯುತ್ತವಲ್ಲ ಎಂಬ ಉತ್ತರ ಸಿದ್ಧವಿಟ್ಟುಕೊಂಡೆ.

ಅಜ್ಜಿ ಬಂದರು. ಗಿಡ್ಡ ಆಳು, ಕೈಯಲ್ಲಿ ಸಂತೆಯ ಚೀಲ. ತಂದೆ-ಮಗಳು ಮೊದಲೇ ಬಂದು ಕನ್ನಡಿಯ ಪಕ್ಕ ಕುಳಿತಿದ್ದರು. ಅಜ್ಜಿ ಅವರ ಕಡೆ ನೋಡದೆ ನೇರ ಲಂಡನ್ನಿಗೆ ಹೋಗಿ, ಗಡಿಯಾರವನ್ನು ಉಗುರಿನಿಂದ ಕೆರೆದು, ಸೇತುವೆಯ ವಾಸನೆ ನೋಡಿದರು. ನಾನು ಖಾಲಿ ಕಪ್ಪು ಬೋರಲು ಹಾಕಿ ತೋರಿಸಿದೆ. ಮಾಸ್ತರರ ಸೂರ್ಯನನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಹಂಗಾರ ಗಡಿಯಾರ ಸುಳ್ಳು."

"ಸುಳ್ಳರೀ ಆಯಿ."

"ದೀಪ?"

"ಸುಳ್ಳರೀ."

"ಚಾ?"

"ಅದೂ ಸುಳ್ಳರೀ."

ತಂದೆಯ ಮುಖ ಸ್ವಲ್ಪ ತಿಳಿಯಾಯಿತು. ಕೆಲಸ ಆಯಿತೆಂದು ನಾನು ಕಪ್ಪನ್ನು ಬಸಿಯ ಮೇಲಿಟ್ಟೆ. ಆಗ ಹುಡುಗಿ ಎದ್ದು ನಿಂತಳು.

"ಗಡಿಯಾರ ಸುಳ್ಳರೀ ಆಯಿ. ಆದ್ರ ನಾ ರಾತ್ರಿ ಉಣ್ಣೂದು ಖರೇನ ಐತ್ರಿ. ಕಬ್ಬ ಕಡಿಯೂ ದಿನದಾಗ ಹೊಲದಿಂದ ಬರೂದ್ರಾಗ ಹೊತ್ತ ಮುಳಗಿರತೈತಿ. ಹಸಗೊಂಡ ಮಲಗಿದ್ರ ಮರದಿನಾ ಕೆಲಸ ಆಗೂದಿಲ್ಲ. ಆಮ್ಯಾಲೆ ಗೊತ್ತಾಗೂದಕ್ಕಿಂತ ಈಗ ಹೇಳತೀನ್ರಿ."

ತಂದೆ ತಲೆ ತಗ್ಗಿಸಿದರು. ನನಗೆ ಹುಡುಗಿಯ ಮೇಲೆ ಸಿಟ್ಟು ಬಂತು. ಸೂರ್ಯನನ್ನು ಒಂಬತ್ತರವರೆಗೆ ಹಿಡಿದು ನಿಲ್ಲಿಸಿದವನು ನಾನು. ಅದನ್ನು ಅವಳು ಎರಡು ಮಾತಿನಲ್ಲಿ ಮುಳುಗಿಸಿದ್ದಳು. ಸಿಟ್ಟಿನ ಹಿಂದೆಯೇ ಭಯವೂ ಬಂತು. ನಾಲ್ಕನೇ ಫೋಟೋ ತೆಗೆಯುವಾಗ ಇವಳ ಮುಖ ಹೇಗೆ ನೋಡಲಿ ಎಂದುಕೊಂಡೆ.

ಅಜ್ಜಿ ಬೆಂಚಿನ ಮೇಲೆ ಕುಳಿತು, ಚೀಲವನ್ನು ಕಾಲ ಬಳಿ ಇಟ್ಟುಕೊಂಡರು. ಹುಡುಗಿಯನ್ನು ಮೊದಲ ಸಲ ಪೂರ್ತಿ ನೋಡಿದರು. ಹೆಚ್ಚು ನೋಡಿದ್ದು ಅವಳ ಕೈಗಳನ್ನು. ಕಬ್ಬಿನ ಎಲೆಯ ಗೀರುಗಳು ಅವುಗಳ ಮೇಲಿದ್ದವು. ನಾನು ಆ ಫೋಟೋ ತೆಗೆದಾಗ ಅವನ್ನು ಗಮನಿಸಿರಲಿಲ್ಲ.

"ನಾನೂ ಉಂಡೀನಿ," ಎಂದರು ಅಜ್ಜಿ. "ಹರೇದಾಗ, ಹೊಲದಾಗ ದುಡಿಯೂ ಮುಂದ. ನಮ್ಮ ಅತ್ತಿ ಕಣ್ಣ ತಪ್ಪಿಸಿ. ನನ್ನ ಫೋಟೋ ಯಾರೂ ತಗದಿದ್ದಿಲ್ಲ."

ಅಜ್ಜಿ ಬೆಂಚಿನ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಹುಡುಗಿ ಬಂದು ಕುಳಿತಳು.

"ತಗೀಪಾ ತಮ್ಮಾ," ಎಂದರು ನನಗೆ. "ಗಡಿಯಾರ ಕಾಣಬೇಕು."

ನಾನು ದೀಪ ಹಾಕಿ ಇಬ್ಬರ ಕೈಗೂ ಕಪ್ಪು ಕೊಟ್ಟೆ. ಅಜ್ಜಿ ಒಳಗೆ ಇಣುಕಿ ಹೊಳ್ಳಿ ಕೊಟ್ಟು, ಚಾ ತರಸು ಎಂದರು. ಎದುರಿನ ಹೋಟೆಲಿನಿಂದ ತರಿಸಿದೆ. ಆಗ ಮಧ್ಯಾಹ್ನ ಮೂರು ಗಂಟೆ. ಲಂಡನ್ನಿನಲ್ಲಿ ಎಂದಿನಂತೆ ಎಂಟು. ಇಬ್ಬರೂ ಊದಿ ಊದಿ ಕುಡಿಯುತ್ತಿದ್ದರು, ಅವರು ತಲೆ ಎತ್ತುವವರೆಗೆ ನಾನು ಕಾದು ನಿಂತೆ.