ತಂಗಿಯ ಬರಿಗಣ್ಣು

ಟೈಲರ್ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವ ಅಕ್ಕನಿಗೂ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿಗೂ ಚಿಕ್ಕಂದಿನಿಂದ ಸಮಪಾಲಾಗಿ ಸಿಕ್ಕಿದ್ದು ಒಂದೇ, ದಪ್ಪ ಗಾಜಿನ ಕನ್ನಡಕ. ಬಣ್ಣ, ಎತ್ತರ, ಮಾತಿನ ಚುರುಕು ಎಲ್ಲ ತಂಗಿಗೇ ಹೋಗಿತ್ತು. ಶಾಲೆಯಲ್ಲಿ ಇಬ್ಬರನ್ನೂ ಸೋಡಾಬುಡ್ಡಿ ಎಂದು ಕೂಗಿದಾಗ ಮಾತ್ರ ಅಕ್ಕನಿಗೆ ಒಳಗೊಳಗೇ ಸಮಾಧಾನ.

ಆ ತಂಗಿ ಆಸ್ಪತ್ರೆಯಲ್ಲಿ ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬರಿಗಣ್ಣಲ್ಲಿ ಬಂದು ನಿಂತಳು.

“ಅಕ್ಕಾ, ಆ ಬಸ್ಸಿನ ಬೋರ್ಡು ಇಲ್ಲಿಂದಲೇ ಓದ್ತೀನಿ ಕಣೇ!”

“ಓದು, ಓದು. ಓಡಿಸೋಕೂ ನೀನೇ ಹೋಗು.”

ಅಕ್ಕನ ಹೊಟ್ಟೆಗೆ ಕೆಂಡ ಸುರಿದಂತಾಗಿತ್ತು. ಅದೇ ವಾರ ತಂಗಿಯನ್ನೇ ಕರೆದುಕೊಂಡು ಅದೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಕಣ್ಣಿನ ನಕ್ಷೆ ತೆಗೆದು, ಅದರ ಕೆಳಭಾಗದ ಕೆಂಪು ಮಚ್ಚೆ ತೋರಿಸಿದರು.

“ಕಣ್ಣು ತುಂಬಾ ಉಜ್ಜಿಕೊಳ್ತೀರಾ?”

“ಬಟ್ಟೆ ಧೂಳು, ಡಾಕ್ಟ್ರೇ. ಉಜ್ಜದೆ ಏನ್ಮಾಡ್ಲಿ?”

“ಕಣ್ಣಿನ ಮುಂದಿರೋ ಪಾರದರ್ಶಕ ಪದರಾನೇ ಕಾರ್ನಿಯಾ. ನಿಮ್ಮದು ಕೆಳಗಡೆ ಆಗಲೇ ಸ್ವಲ್ಪ ಉಬ್ಬಿದೆ. ಲೇಸರ್‌ನಲ್ಲಿ ಅದನ್ನೇ ಕೆತ್ತಿ ತೆಳು ಮಾಡ್ತೀವಿ. ನಿಮಗೆ ಮಾಡಿದ್ರೆ ಇನ್ನೂ ಉಬ್ಬಿ, ಕನ್ನಡಕ ಹಾಕಿದ್ರೂ ಸರಿಯಾಗಿ ಕಾಣಲ್ಲ.”

ಅಕ್ಕನ ತಲೆಗೆ ಹೋದದ್ದು ಒಂದೇ. ಕಾರ್ನಿಯಾದಲ್ಲೂ ಅವಳದೇ ಮೇಲುಗೈ!

ಯಾರಿಗೂ ಹೇಳದೆ ಇನ್ನೊಂದು ಕಣ್ಣಿನ ಕ್ಲಿನಿಕ್ಕಿಗೆ ಹೋದಳು. ಅಲ್ಲಿ ಕಾರ್ನಿಯಾದ ದಪ್ಪ ಮಾತ್ರ ಅಳೆದು, ಸಾಲುತ್ತದೆ ಎಂದರು. ಮೊದಲು ಎಲ್ಲಾದರೂ ತೋರಿಸಿದ್ದೀರಾ ಎಂದು ಕೇಳಿದಾಗ “ಇಲ್ಲ” ಎಂದುಬಿಟ್ಟಳು. ಲೇಸರ್‌ಗೆ ದಿನ ಗೊತ್ತುಮಾಡಿದರು. ಜೊತೆಗೆ ಬಾ ಎಂದು ಪಕ್ಕದ ಮನೆಯಾಕೆಯನ್ನು ಕರೆದಳು. ಆಕೆಯ ಬಾಯಲ್ಲಿ ಮಾತು ನಿಲ್ಲಬೇಕಲ್ಲ!

ಅಕ್ಕ ತಲೆಗೆ ಹಸಿರು ಟೋಪಿ ಹಾಕಿಕೊಂಡು ಕೂತಿದ್ದಾಗ, ಆಕೆಯಿಂದ ಸುದ್ದಿ ತಿಳಿದ ತಂಗಿ, ತನ್ನ ಚೀಲದಲ್ಲೇ ಉಳಿದಿದ್ದ ಅಕ್ಕನ ಹಳೇ ರಿಪೋರ್ಟ್ ಹಿಡಿದು ಏದುಸಿರು ಬಿಡುತ್ತ ನುಗ್ಗಿದಳು.

“ಡಾಕ್ಟ್ರೇ, ಇದೊಂದು ನೋಡಿ.”

“ನಾನು ನಿನ್ನ ಹಾಗಾಗೋದು ನಿನಗೆ ಬೇಡ, ಅಲ್ವೇನೇ?” ಅಕ್ಕ ಕಿರುಚಿದಳು.

ರಿಪೋರ್ಟ್ ನೋಡಿದ ಡಾಕ್ಟರು ಕೈಗವಸು ಕಳಚಿದರು. “ನೀವು ಹೇಳ್ಬೇಕಿತ್ತಮ್ಮ. ನಾವೂ ನಕ್ಷೆ ತೆಗೀಬೇಕಿತ್ತು. ಈ ಕಣ್ಣಿಗೆ ಲೇಸರ್ ಆಗಲ್ಲ.”

ಎಂಟು ತಿಂಗಳು ಅಕ್ಕ ತಂಗಿಯ ಜೊತೆ ಮಾತಾಡಲಿಲ್ಲ. ತಂಗಿ ಫೋನ್ ಮಾಡಿದರೆ ಕಟ್ ಮಾಡುತ್ತಿದ್ದಳು.

ಆಮೇಲೆ ಒಂದು ದಿನ ಬಲಗಣ್ಣಿಗೆ ಒಂದೊಂದು ಕಾಜಾ ಎರಡೆರಡಾಗಿ ಕಾಣತೊಡಗಿತು. ಮೊದಲ ಆಸ್ಪತ್ರೆಗೇ ಓಡಿದಳು. ಉಬ್ಬು ಹೆಚ್ಚಿದೆ, ಹನಿ ಹಾಕಿ ಬೆಳಕು ಬಿಟ್ಟು ಎರಡೂ ಕಾರ್ನಿಯಾ ಗಟ್ಟಿ ಮಾಡೋಣ ಎಂದರು ಡಾಕ್ಟರಮ್ಮ.

“ಲೇಸರ್ ಮಾಡಿಸಿದ್ದಿದ್ರೆ?” ಅಕ್ಕ ಮೆಲ್ಲಗೆ ಕೇಳಿದಳು.

“ಇಷ್ಟು ಹೊತ್ತಿಗೆ ಕಾರ್ನಿಯಾನೇ ಬದಲಾಯಿಸಬೇಕಾಗ್ತಿತ್ತೇನೋ.”

ಮನೆಗೆ ಬಂದವಳೇ ತಂಗಿಗೆ ಫೋನ್ ಮಾಡಿದಳು.

ಚಿಕಿತ್ಸೆ ಆದ ಮೇಲೆ ದಿನಾ ಹನಿ ಹಾಕಲು ಬರುತ್ತಿದ್ದವಳು ತಂಗಿಯೇ. ಒಂದು ಸಂಜೆ ಬಗ್ಗಿದ ಅವಳ ಮುಖ ತೀರಾ ಹತ್ತಿರವಿತ್ತು. ಕನ್ನಡಕವಿಲ್ಲದ ಕಣ್ಣು, ಉದ್ದನೆಯ ರೆಪ್ಪೆ.

“ನಿನ್ನ ನೋಡಿದ್ರೆ ಈಗಲೂ ಹೊಟ್ಟೆ ಉರಿಯುತ್ತೆ ಕಣೇ,” ಎಂದಳು ಅಕ್ಕ.

“ಗೊತ್ತು. ಅಲ್ಲಾಡ್ಬೇಡ, ಇನ್ನೊಂದು ಕಣ್ಣಿದೆ.”