ಅಳಿಯನ ಕೊನೆಯ ಹಾಡಿನಲ್ಲಿ ನನ್ನ ದನಿ

ಅಳಿಯಂದಿರೇ, ಭದ್ರಾವತಿಯಲ್ಲಿ ನಿಮಗೆ ಇನ್ನೊಬ್ಬಳಿದ್ದಾಳೆ ಎಂದು ನನ್ನ ಮಗಳು ರೇಖಾಗೆ ಹೇಳಿದವಳು ನಾನೇ. ಇಲ್ಲವೆಂದು ತಿಳಿದುಕೊಂಡು ಬಂದ ಮೇಲೆ ಹೇಳಿದೆ.

ಆಗ ಮೊಮ್ಮಗಳು ಅನು ಚಿಕ್ಕವಳು. ಅವಳನ್ನು ನೋಡಿಕೊಳ್ಳಲೆಂದು ನಾನು ಆಲ್ಕೊಳದ ನಿಮ್ಮ ಮನೆಗೆ ಬಂದಿದ್ದೆ. ನೀವು ಅಂಗಡಿ ಕೆಲಸ ಮುಗಿಸಿ ಬಂದವರೇ ಮಹಡಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ. ಗಿಟಾರ್ ಸದ್ದು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. "ಆಲ್ಬಮ್ ಮಾಡ್ತಿದಾರಂತೆ, ರಾಕ್ ಅಂತೆ," ಎಂದಳು ರೇಖಾ, ಯಾರದೋ ಸುದ್ದಿ ಹೇಳುವವಳ ಹಾಗೆ.

ನಾನು ಮಡಿಚಿದ ಬಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದೆ. ಎಲ್ಲ ಹಾಡಿನಲ್ಲೂ ಒಬ್ಬಳು ದೂರವಾಗುತ್ತಿದ್ದಾಳೆ, ಒಬ್ಬ ಕಾಯುತ್ತಿದ್ದಾನೆ. 'ಬಂದೆಯಲ್ಲ, ಬಂದವಳು ನೀನೇನಾ' — ಈ ಒಂದು ಸಾಲನ್ನು ಎಷ್ಟು ಸಲ ಹಾಡಿದಿರೋ. ಹೆಂಡತಿ ಕೆಳಗೆ ಕುಕ್ಕರ್ ಇಡುತ್ತಿದ್ದಾಳೆ, ಇವರು ಕಾಯುವುದು ಯಾರಿಗೆ? ಮನೆಯಲ್ಲೇ ಇರುವ ಹೆಂಡತಿಗೆ ಹಂಬಲಿಸಿದ ಗಂಡಸನ್ನು ನಾನಂತೂ ಕಂಡಿಲ್ಲ. ನಮ್ಮನೆಯವರು ಒಂದು ದಿನಕ್ಕೂ — ಅದು ಬಿಡಿ.

ಆಮೇಲೆ ನೀವು ರೆಕಾರ್ಡ್ ಮಾಡಿ ತಂದು ಹಾಕುತ್ತಿದ್ದ ಹಾಡಿನೊಳಗೆ ಹೆಂಗಸಿನ ದನಿಯೊಂದು ಸೇರಿಕೊಂಡಿತು. ಭಾನುವಾರ ಬಂದರೆ ನೀವು ಭದ್ರಾವತಿಗೆ. ನಿಮ್ಮ ಅಂಗಿಯನ್ನು ಮೂಸಿ ನೋಡಿದ್ದೇನೆ. ಸಿಗರೇಟಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಬೇರೆ ವಾಸನೆ ಮುಚ್ಚಲಿಕ್ಕೇ ಸೇದಿದ್ದಾರೆ ಎಂದುಕೊಂಡೆ.

"ನಿನ್ ಗಂಡನ ಮೇಲೆ ಕಣ್ಣಿಡೇ. ಅಲ್ಲಿ ಯಾವಳೋ ಇರ್ಬೇಕು," ಎಂದೆ.

ರೇಖಾ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. "ನೀನು ನೋಡಿದ್ಯೇನಮ್ಮ?"

"ನೋಡೋದೇನು? ಆ ಹಾಡು ಕೇಳ್ಸಲ್ವಾ ನಿಂಗೆ?"

"ನಾನೆಲ್ಲಿ ಕೇಳ್ತೀನಿ," ಎಂದಳು.

ನೋಡಿಕೊಂಡೇ ಬರುತ್ತೇನೆಂದು ಅವಳಿಗೆ ಹೇಳಿ, ನೀವು ಅಂಗಡಿಯಲ್ಲಿದ್ದ ದಿನ ಬಸ್ಸು ಹತ್ತಿದೆ. ಡ್ರಮ್ ಬಾರಿಸುವ ನಿಮ್ಮ ಗೆಳೆಯನ ಮನೆ ಕಾರ್ಖಾನೆಯ ಹಳೆ ಕ್ವಾರ್ಟರ್ಸ್‌ನಲ್ಲಿ ಎಂದು ಗೊತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಾಗಿಲು ತೆಗೆದವಳು ಅವನ ಹೆಂಡತಿ ಸೆಲ್ವಿ. ಬಾಯಿ ತೆರೆದಳೋ ಇಲ್ಲವೋ, ಮಹಡಿಯಲ್ಲಿ ಕೇಳಿದ ದನಿ ಇದೇ ಎಂದು ತಿಳಿಯಿತು.

"ಯಾರಿಗೋಸ್ಕರ ಕಟ್ಟಿದ ಹಾಡೇ ಅವು?" ನಿಮ್ಮ ಅತ್ತೆ ಎಂದು ಹೇಳಿಕೊಂಡು ನೇರವಾಗಿ ಕೇಳಿದೆ.

ಅವಳು ನಕ್ಕುಬಿಟ್ಟಳು. "ಅಯ್ಯೋ ಅಜ್ಜಿ, ನಿಮ್ ಮಗಳಿಗೇ ಅಲ್ವಾ! ಮನೇಲೇ ಇದಾಳೆ, ಆದ್ರೂ ಸಿಗ್ತಿಲ್ಲ ಅಂತಾರೆ ಅಣ್ಣ. ನೀವಾದ್ರೂ ಅಕ್ಕಂಗೆ ಆ ಹಾಡು ಕೇಳ್ಸಿ."

ಕಾಫಿ ಕೊಟ್ಟಳು, ಕುಡಿದೆ. ವಾಪಸು ಬಸ್ಸಿನಲ್ಲಿ ನಂಬುವುದೋ ಬೇಡವೋ ಎಂದು ತೂಗಿದೆ. ನಂಬಿದೆ, ಅಳಿಯಂದಿರೇ. ಆದರೆ ಮಗಳೆದುರು ನನ್ನ ಮಾತು ಸುಳ್ಳಾಗುವುದು — ಅದನ್ನು ನುಂಗಲು ಆಗಲಿಲ್ಲ.

ರೇಖಾ ಗೇಟಿನಲ್ಲೇ ನಿಂತಿದ್ದಳು. "ಏನಮ್ಮ, ಇದಾಳಾ?"

"ಇದಾಳೆ," ಎಂದೆ.

ಅವಳು ನಿಮ್ಮನ್ನು ಕೇಳಲೂ ಇಲ್ಲ, ಜಗಳವಾಡಲೂ ಇಲ್ಲ. ಅನುವನ್ನು ಕರೆದುಕೊಂಡು ಬೇರೆ ಮನೆ ಹಿಡಿದಳು, ಹಿಂದೆಯೇ ನಾನು. ಕಾರಣ ಕೇಳಲು ನೀವು ಬಂದಾಗ ಅರ್ಧ ಬಾಗಿಲು ತೆಗೆದು 'ಅವಳು ಮಲಗಿದಾಳೆ' ಎಂದವಳೂ ನಾನೇ. ಒಳಗೆ ಅವಳು ಎದ್ದೇ ಕೂತಿದ್ದಳು.

ಈಗ ಅನು ಕಾಲೇಜಿನಲ್ಲಿದ್ದಾಳೆ. ನಿನ್ನೆ ನನ್ನ ಕಿವಿಗೆ ಇಯರ್‌ಫೋನ್ ತುರುಕಿದಳು. "ಅಪ್ಪನ ಆಲ್ಬಮ್ ಅಜ್ಜಿ. ಕೊನೇ ಹಾಡಲ್ಲಿ ನೀನಿದೀಯ, ಕೇಳು ಮಾರಾಯ್ತಿ!" ನೀವು ಇವಳ ತಲೆಗೆ ಏನು ತುಂಬಿದ್ದೀರೋ ಎಂದು ಅವಳ ಮೇಲೂ ಅನುಮಾನ ಬಂತು — ಆ ಬುದ್ಧಿ ಹೋಗಿಲ್ಲ ನೋಡಿ.

ಗಿಟಾರ್ ಸಣ್ಣಗಾಗುತ್ತ ಹೋಯಿತು. ಬಾಗಿಲು ಬಡಿದ ಸದ್ದು. ಆ ಮಹಡಿ ಕೋಣೆಯ ಹೊರಗೆ ನಿಂತ ನನ್ನದೇ ದನಿ: "ಒಳಗೆ ಯಾರಿದಾರೆ? ಯಾರ ಹತ್ರ ಮಾತಾಡ್ತಿದೀರಾ?"

ಆಮೇಲೆ ನೀವು. "ಯಾರೂ ಇಲ್ಲ ಅತ್ತೆ."

ಅಲ್ಲಿಗೆ ಹಾಡು ಮುಗಿಯುತ್ತದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಇವತ್ತು ಸಂಜೆ ರೇಖಾ ಬಂದು ಚಪ್ಪಲಿ ಬಿಡುವ ಮೊದಲೇ ಸೆಲ್ವಿ ಹೇಳಿದ್ದನ್ನು ಹೇಳುತ್ತೇನೆ. ಆಮೇಲೆ ಅವಳು ನನ್ನನ್ನು ಇಟ್ಟುಕೊಳ್ಳುತ್ತಾಳೋ ಬಿಡುತ್ತಾಳೋ. ಹೇಳಿ ಮುಗಿದ ಕೂಡಲೇ ಆ ಹಾಡು ಹಾಕು ಎಂದು ಅನುವಿಗೆ ಹೇಳಿಟ್ಟಿದ್ದೇನೆ. ಕೊನೆಯವರೆಗೂ.