ದೊಡ್ಡಮ್ಮನ ದನಿ ಇರುವ ಡಿಸ್ಕ್

ಎರಡು ಕಡೆ ವಿಚಾರಿಸದೆ ಸುದ್ದಿ ಬರೆಯಬಾರದು ಎಂಬುದು ನಮ್ಮ ಪತ್ರಿಕೆಯ ನಿಯಮ. ದೇವನಹಳ್ಳಿಯ ವರದಿಗಾರನಾಗಿ ಅದನ್ನು ಪಾಲಿಸಿಕೊಂಡೇ ಬಂದವನು ನಾನು. ತಂಗಿಯ ಮದುವೆಯ ವಿಡಿಯೊ ವಿಷಯದಲ್ಲಿ ಮಾತ್ರ ಸ್ಟುಡಿಯೊ ಮುನಿರಾಜಣ್ಣನೊಬ್ಬನನ್ನೇ ಕೇಳಿ ನಂಬಿಬಿಟ್ಟೆ.

ವಿಮಾನ ನಿಲ್ದಾಣದ ಕಾಮಗಾರಿ ನಡೆಯುತ್ತಿದ್ದ ಕಾಲ. ನಮ್ಮ ಕಡೆಯ ಮದುವೆ ವಿಡಿಯೊಗಳಿಗೆ ಒಂದು ಸಂಪ್ರದಾಯವಿದೆ. ಮಂಟಪದಲ್ಲಿ ಯಾರು ಏನೇ ಹಾಡಲಿ, ಅದನ್ನು ಅಳಿಸಿ ಮೇಲೆ ಸಿನಿಮಾ ಹಾಡು ಹಾಕುತ್ತಾರೆ. ಧಾರೆಯ ಮಂತ್ರಕ್ಕೂ ಯುಗಳಗೀತೆಯೇ. ಅಮ್ಮನ ಅಕ್ಕ, ನಲ್ಲೂರಿನ ದೊಡ್ಡಮ್ಮ, ಆ ಮದುವೆಯಲ್ಲಿ ಸೋಬಾನೆ ಹಾಡಿದ್ದರು. ಅವರ ದನಿಯನ್ನು ಹಾಗೇ ಬಿಡು ಎಂದು ಕೇಳಿಕೊಂಡೆ. ಮುನಿರಾಜಣ್ಣ ಒಪ್ಪಿದ. ನೆಂಟರಿಗೆ ಹಂಚುವ ಮಾಮೂಲಿ ಡಿವಿಡಿಯಲ್ಲಿ ಸಿನಿಮಾ ಹಾಡು. ನನಗೊಬ್ಬನಿಗೆ ಹೊಸ ಬಗೆಯ ಡಿಸ್ಕಿನಲ್ಲಿ ಅಸಲಿ ದನಿ.

ಆಗ ಹೊಸ ಡಿಸ್ಕುಗಳಲ್ಲಿ ಎರಡು ಬಗೆ ಪೈಪೋಟಿಗೆ ಬಿದ್ದಿದ್ದವು: ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ. ನೋಡಲು ಎರಡೂ ಒಂದೇ. ಒಂದರ ಯಂತ್ರಕ್ಕೆ ಇನ್ನೊಂದು ಆಗದು. ಯಾವುದು ಉಳಿಯುತ್ತದೆ ಎಂದು ಕೇಳಿದೆ.

"ಡಿವಿಡಿ ಅಂತ ಹೆಸ್ರಲ್ಲೇ ಐತಲ್ಲ ಸಾರ್. ನಮ್ ಜನ ಬೇರೇದನ್ನ ಮುಟ್ತಾರಾ?" ಎಂದ. ಎಚ್‌ಡಿ ಡಿವಿಡಿಯನ್ನೇ ಮಾಡಿಸಿದೆ.

ಅವನ ಬಾಮೈದ ಸಿಂಗಪುರದಿಂದ ಗೇಮ್ ಯಂತ್ರ ತಂದಿದ್ದ. ಅದರ ಪಕ್ಕಕ್ಕೆ ಎಚ್‌ಡಿ ಡಿವಿಡಿ ಓದುವ ಇನ್ನೊಂದು ಡಬ್ಬಿ ಜೋಡಿಸಿ ನಮಗೆ ಡಿಸ್ಕ್ ತೋರಿಸಿದರು. ಸ್ಟುಡಿಯೊದ ಸ್ಟೂಲಿನ ಮೇಲೆ ಕೂತು ದೊಡ್ಡಮ್ಮ ತಮ್ಮ ಹಾಡು ತಾವೇ ಕೇಳಿದರು.

"ನನ್ ಗಂಟ್ಲು ಇಷ್ಟೊಂದ್ ಒಡ್ದೋಗೈತೇನ್ಲಾ? ಸಿನ್ಮಾ ಹಾಡೇ ಹಾಕ್ಸಬಾರ್ದಿತ್ತಾ" ಎಂದು ನನ್ನನ್ನು ಬೈದು, ಇನ್ನೊಂದು ಸಲ ಹಾಕಿಸಿಕೊಂಡರು.

ಪೈಪೋಟಿ ತೀರ್ಮಾನವಾದುದರಲ್ಲಿ ಆಟವಾಡುವವರ ಪಾಲು ದೊಡ್ಡದು. ಒಂದು ಕಂಪನಿ ತನ್ನ ಗೇಮ್ ಯಂತ್ರದ ಹೊಟ್ಟೆಯೊಳಗೇ ಬ್ಲೂ-ರೇ ಇಟ್ಟು ಮಾರಿತು. ಕಾರು ಓಡಿಸುವ ಆಟಕ್ಕೆಂದು ಕೊಂಡವರ ಮನೆಗೆ ಸಿನಿಮಾ ತೋರಿಸುವ ಯಂತ್ರವೂ ತಾನಾಗಿ ಹೊಕ್ಕಿತು. ಎದುರಾಳಿಯ ಗೇಮ್ ಯಂತ್ರ ಕೊಂಡವರು ಎಚ್‌ಡಿ ಡಿವಿಡಿಯ ಡಬ್ಬಿಯನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಅಷ್ಟು ಶ್ರಮ ಯಾರಿಗೆ ಬೇಕು? ಸಿನಿಮಾ ಕಂಪನಿಗಳು ಬ್ಲೂ-ರೇ ಕಡೆ ವಾಲಿದವು. ನಮ್ಮೂರಲ್ಲಿ ವಿಮಾನ ಇಳಿಯುವ ಹೊತ್ತಿಗೆ ಎಚ್‌ಡಿ ಡಿವಿಡಿಯ ಕತೆ ಮುಗಿದಿತ್ತು. ನಮ್ಮ ಮನೆಯಲ್ಲಿ ಯಾರೂ ಆಡದ ಆಟದಲ್ಲಿ ನಾವು ಸೋತಿದ್ದೆವು.

ಆ ವರ್ಷವೇ ದೊಡ್ಡಮ್ಮ ತೀರಿಕೊಂಡರು. ಡಿಸ್ಕ್ ಹಿಡಿದು ಸ್ಟುಡಿಯೊಗೆ ಹೋದರೆ ಡಬ್ಬಿ ಕೆಟ್ಟಿತ್ತು. ಮೂಲ ಟೇಪಿನ ಮೇಲೆ ಬೂದಿಗೆರೆಯ ಯಾರದೋ ಗೃಹಪ್ರವೇಶ ಕೂತಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಅಂಥ ಡಬ್ಬಿ ಕೇಳಿದರೆ ನನ್ನ ಮುಖ ನೋಡಿದರು. ತಂಗಿಯ ಮನೆಯ ಗೇಮ್ ಯಂತ್ರಕ್ಕೂ ತೂರಿಸಿ ನೋಡಿದೆ. ಅದು ಬ್ಲೂ-ರೇ ಪಕ್ಷದ್ದು, ಓದಲು ಒಪ್ಪಲಿಲ್ಲ.

ಕೊನೆಗೆ ತಂಗಿ ಮಾಮೂಲಿ ಡಿವಿಡಿ ಹಾಕಿದಳು. ತೆರೆಯ ಮೇಲೆ ದೊಡ್ಡಮ್ಮನ ತುಟಿ ಆಡುತ್ತಿತ್ತು, ಕೇಳುತ್ತಿದ್ದುದು ಯುಗಳಗೀತೆ. ಅವಳು ಸದ್ದನ್ನು ಪೂರ್ತಿ ಇಳಿಸಿದಳು. ತುಟಿ ನೋಡಿ ಹಾಡು ಯಾವುದೆಂದು ಗುರುತು ಹಿಡಿದು, ತಾನೇ ಹಾಡತೊಡಗಿದಳು. ಮೂರನೆಯ ಸಾಲಿನಲ್ಲಿ ಮರೆತು ನಿಂತಳು. ದೊಡ್ಡಮ್ಮ ನಿಲ್ಲಲಿಲ್ಲ.

"ತಡಿ ದೊಡ್ಡಮ್ಮ, ಇನ್ನೊಂದ್ ಸಲ" ಎಂದು ತಂಗಿ ರಿಮೋಟ್ ಒತ್ತಿ ಹಿಂದಕ್ಕೆ ಹೋದಳು.

ಈಗ ಅವಳಿಗೆ ಹಾಡು ಪೂರ್ತಿ ಬರುತ್ತದೆ. ಆದರೂ ಬೀರುವಿನಲ್ಲಿರುವ ಆ ಡಿಸ್ಕನ್ನು ನಾನು ಎಸೆದಿಲ್ಲ. ಅವಳು ಸರಿಯಾಗಿ ಹಾಡುತ್ತಿದ್ದಾಳೆಯೇ ಎಂದು ವಿಚಾರಿಸಲು ಉಳಿದಿರುವ ಇನ್ನೊಂದು ಕಡೆ ಅದೊಂದೇ.